ಬೇವುಲ್ಫ್‌ನನ್ನು ಆಟದ ಮೇಜಿಗೆ ತರುವ ಬಗೆ

ಟೇಬಲ್‌ಟಾಪ್ ಪಾತ್ರಾಭಿನಯದ ಆಟಕ್ಕೆ, ಎಂದರೆ ಮೇಜಿನ ಸುತ್ತ ಕುಳಿತು ದಾಳ ಹಾಕುತ್ತ ತಲಾ ಒಂದು ಪಾತ್ರವಾಗಿ ಕಥೆ ಕಟ್ಟುವ ಆಟಕ್ಕೆ, ಹೊಸದಾಗಿ ಬಂದವರಲ್ಲಿ ಬಹುಮಂದಿಯ ಮೊದಲ ಆಸೆ ಒಂದೇ: ತಾವು ಮೆಚ್ಚಿದ ವೀರನೇ ತಾವಾಗಬೇಕು. ಒಬ್ಬರಿಗೆ ‘ಲಾರ್ಡ್ ಆಫ್ ದ ರಿಂಗ್ಸ್’ ಕಥೆಯ ಅರಗಾರ್ನ್ ಬೇಕು, ಇನ್ನೊಬ್ಬರಿಗೆ ಕೋನನ್, ಮತ್ತೊಬ್ಬರಿಗೆ ಆರ್ಥರ್ ರಾಜನ ಆಸ್ಥಾನದ ಲ್ಯಾನ್ಸಲಾಟ್. ಆ ಆಸೆಯನ್ನು ಯಾರೂ ತಳ್ಳಿಹಾಕಬೇಕಾಗಿಲ್ಲ, ಈ ಆಟ ಬೆಳೆದದ್ದೇ ಅದರಿಂದ. ಈ ಬಗೆಯ ಹೆಸರಾಂತ ಆಟ ಡಂಜನ್ಸ್ ಅಂಡ್ ಡ್ರಾಗನ್ಸ್ ಹೊರಬಂದದ್ದು 1974ರಲ್ಲಿ. ಮರುವರ್ಷವೇ ಅದಕ್ಕೆ ರೇಂಜರ್ ಎಂಬ ಕ್ಲಾಸ್ (ಪಾತ್ರದ ಕಸುಬು) ಸೇರಿತು, ಅರಗಾರ್ನ್‌ನನ್ನು ಕಣ್ಣೆದುರಿಗೆ ಇಟ್ಟುಕೊಂಡೇ ಅದನ್ನು ರೂಪಿಸಿದ್ದರು. 1980ರ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಪುಸ್ತಕವಂತೂ ಆರ್ಥರ್ ರಾಜನ ಆಸ್ಥಾನದ ವೀರರಿಂದ ನಮ್ಮ ಇಂದ್ರ, ಅಗ್ನಿ, ವರುಣರ ತನಕ ಎಲ್ಲರಿಗೂ ಅಂಕಿಗಳನ್ನು ಹಂಚಿತು.

ಅಂಥ ಪಟ್ಟಿಗಳಿಂದ ವೀರನ ಹಿಟ್ ಪಾಯಿಂಟ್ (ತಾಳಬಲ್ಲ ಪೆಟ್ಟು) ಎಷ್ಟು, ಆರ್ಮರ್ ಕ್ಲಾಸ್ (ಅವನಿಗೆ ಏಟು ತಾಗಲು ಮುಟ್ಟಬೇಕಾದ ಅಂಕಿ) ಎಷ್ಟು ಎಂದು ತಿಳಿಯುತ್ತದೆ. ಆದರೆ ಶರಣಾದ ಶತ್ರುವನ್ನು ಅವನು ಏನು ಮಾಡುತ್ತಾನೆ, ಯಾರ ಮಾತಿಗೆ ತಲೆಬಾಗುತ್ತಾನೆ, ಯಾವ ಆಯುಧವನ್ನು ಮುಟ್ಟುವುದಿಲ್ಲ ಎಂಬುದು ತಿಳಿಯುವುದಿಲ್ಲ. ಪಾತ್ರವನ್ನು ವಾರವಾರವೂ ಆಡುವವರಿಗೆ ಬೇಕಾಗುವುದು ಈ ಎರಡನೆಯ ಬಗೆಯ ತಿಳಿವಳಿಕೆ. ವೀರನೊಬ್ಬ ಏನನ್ನು ಬೇಡವೆಂದ ಎಂಬುದರಲ್ಲಿ ಅವನ ಗುರುತು ಅಚ್ಚೊತ್ತಿರುತ್ತದೆ ಎಂದು ನಾನು ನಂಬುತ್ತೇನೆ. ಅದನ್ನು ಮೊದಲು ಹುಡುಕಿ ಅಂಕಿಗಳನ್ನು ಅದರ ಸುತ್ತ ಕಟ್ಟಿದರೆ ಮೊದಲ ಲೆವೆಲ್‌ನ (ಬಲದ ಮೊದಲ ಮೆಟ್ಟಿಲಿನ) ಬಡಪಾಯಿ ಪಾತ್ರವೂ ಆ ವೀರನಂತೆಯೇ ನಡೆದುಕೊಳ್ಳುತ್ತದೆ. ಹೇಗೆಂದು ತೋರಿಸಲು ಬೇವುಲ್ಫ್‌ನನ್ನು ಆರಿಸಿಕೊಂಡಿದ್ದೇನೆ. ಕಥೆ ಹಳೆಯದು, ಎಲ್ಲರಿಗೂ ಮುಕ್ತವಾಗಿ ಸಿಗುತ್ತದೆ. ಆಟಕ್ಕೆ ಇಳಿಸುವಾಗ ಎದುರಾಗುವ ತೊಡಕುಗಳೆಲ್ಲ ಅವನೊಬ್ಬನಲ್ಲೇ ಸೇರಿವೆ.

ಮೊದಲು ಕಥೆಯನ್ನು ಓದಿ, ಕೆಲಸಗಳನ್ನು ಬರೆದುಕೊಳ್ಳಿ

ನಿಯಮದ ಪುಸ್ತಕವನ್ನು ಸದ್ಯಕ್ಕೆ ಮುಚ್ಚಿಡಿ. ಖಾಲಿ ಹಾಳೆಯ ಮೇಲೆ ವೀರ ಮಾಡಿದ ಕೆಲಸಗಳನ್ನು ಮಾತ್ರ ಬರೆಯಿರಿ. ‘ಧೀರ’, ‘ಬಲಶಾಲಿ’, ‘ಉದಾರಿ’ ಎಂದು ಬರೆದರೆ ಪ್ರಯೋಜನವಿಲ್ಲ, ಆ ಪದಗಳು ಯಾವ ವೀರನ ಕೊರಳಿಗಾದರೂ ಬೀಳುತ್ತವೆ.

ಬೇವುಲ್ಫ್‌ನ ಕಥೆ ಹಳೆಯ ಇಂಗ್ಲಿಷಿನಲ್ಲಿರುವ 3182 ಸಾಲುಗಳ ಕಾವ್ಯ. ಉಳಿದಿರುವುದು ಒಂದೇ ಹಸ್ತಪ್ರತಿ. 1731ರ ಬೆಂಕಿಯಲ್ಲಿ ಅಂಚು ಸುಟ್ಟುಕೊಂಡ ಆ ಪ್ರತಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಡೇನರ ದೊರೆ ಹ್ರೋಥ್‌ಗಾರ್‌ನ ಸಭಾಭವನಕ್ಕೆ ಗ್ರೆಂಡೆಲ್ ಎಂಬ ದೈತ್ಯ ಹನ್ನೆರಡು ವರ್ಷ ರಾತ್ರಿ ಹೊತ್ತು ನುಗ್ಗಿ ಯೋಧರನ್ನು ತಿನ್ನುತ್ತಿರುತ್ತಾನೆ. ಗೀಟರ ನಾಡಿನಿಂದ ಹದಿನಾಲ್ಕು ಸಂಗಾತಿಗಳೊಡನೆ ಕಡಲು ದಾಟಿ ಬಂದ ಬೇವುಲ್ಫ್ ಬರಿಗೈಯಲ್ಲಿ ಅವನ ತೋಳನ್ನು ಕಿತ್ತುಹಾಕುತ್ತಾನೆ. ಸೇಡಿಗೆ ಬಂದ ಗ್ರೆಂಡೆಲ್‌ನ ತಾಯಿಯನ್ನು ನೀರಿನಡಿಯ ಗುಹೆಯಲ್ಲಿ ಕೊಲ್ಲುತ್ತಾನೆ. ಮುಂದೆ ತನ್ನ ನಾಡನ್ನು ಐವತ್ತು ವರ್ಷ ಆಳಿ, ಮುಪ್ಪಿನಲ್ಲಿ ಬೆಂಕಿಯುಗುಳುವ ಡ್ರಾಗನ್‌ನೊಡನೆ ಹೋರಾಡಿ ಸಾಯುತ್ತಾನೆ.

ಇಷ್ಟನ್ನು ಬರೆದ ಮೇಲೆ ಪಕ್ಕದಲ್ಲಿ ಗೆರೆ ಎಳೆದು, ಅವನು ಬೇಡವೆಂದದ್ದನ್ನು ಬರೆಯಿರಿ. ಗ್ರೆಂಡೆಲ್‌ಗೆ ಆಯುಧದ ಬಳಕೆ ಗೊತ್ತಿಲ್ಲ, ಆದ್ದರಿಂದ ತಾನೂ ಕತ್ತಿ ಹಿಡಿಯುವುದಿಲ್ಲ ಎಂದ. ಅಷ್ಟಕ್ಕೇ ನಿಲ್ಲದೆ ಶಿರಸ್ತ್ರಾಣ, ಕವಚಗಳನ್ನೂ ಕಳಚಿಟ್ಟ. ಹ್ರೋಥ್‌ಗಾರ್ ಕೊಟ್ಟ ಉಡುಗೊರೆಗಳನ್ನು ಊರಿಗೆ ಮರಳಿದ ಮೇಲೆ ತನ್ನ ದೊರೆ ಹಿಗೆಲಾಕ್‌ಗೂ ರಾಣಿಗೂ ಒಪ್ಪಿಸಿದ. ಹಿಗೆಲಾಕ್ ಸತ್ತಾಗ ರಾಣಿಯೇ ಕರೆದು ಸಿಂಹಾಸನ ನೀಡಿದಳು, ಚಿಕ್ಕವನಾದ ರಾಜಕುಮಾರ ಇರುವಾಗ ತನಗೆ ಬೇಡವೆಂದ. ಮುಪ್ಪಿನಲ್ಲಿ ಡ್ರಾಗನ್‌ನ ಎದುರಿಗೆ ಹೊರಟಾಗ ಜೊತೆಯವರ ನೆರವು ಬೇಡವೆಂದ. ಮೊದಲಿನ ನಿರಾಕರಣೆಗಳು ಅವನನ್ನು ದೊಡ್ಡವನನ್ನಾಗಿ ಮಾಡಿದವು, ಕೊನೆಯದು ಅವನ ಪ್ರಾಣ ತೆಗೆಯಿತು. ಪಾತ್ರದ ವಿವರ ಬರೆದಿಡುವ ಕ್ಯಾರೆಕ್ಟರ್ ಶೀಟ್‌ನ ಬೆನ್ನೆಲುಬು ಈ ಪಕ್ಕದ ಪಟ್ಟಿಯೇ.

ಯಾವ ವಯಸ್ಸಿನ ವೀರ?

ಕಥೆಯ ತುದಿಯಲ್ಲಿ ನಿಂತ ವೀರನನ್ನು ಮೊದಲ ಲೆವೆಲ್‌ಗೆ ತುರುಕಲು ಹೋದರೆ ನಿರಾಸೆ ಕಟ್ಟಿಟ್ಟ ಬುತ್ತಿ. ಡ್ರಾಗನ್ ಕೊಂದವನೆಂದು ಹೇಳಿಕೊಳ್ಳುವ ಪಾತ್ರ ಮೊದಲ ಸಂಜೆ ಇಲಿಗೆ ಸೋಲುತ್ತದೆ. ಆದ್ದರಿಂದ ಹೆಸರು ಬರುವ ಮುಂಚಿನ ದಿನಗಳನ್ನು ಹುಡುಕಿ. ಬೇವುಲ್ಫ್‌ನ ಕಾವ್ಯದಲ್ಲೇ ಆ ಜಾಗವಿದೆ: ಎಳೆತನದಲ್ಲಿ ಅವನನ್ನು ಕೈಲಾಗದ ಸೋಮಾರಿಯೆಂದು ಗೀಟರು ಕಡೆಗಣಿಸಿದ್ದರು. ಬ್ರೆಕಾ ಎಂಬ ಗೆಳೆಯನೊಡನೆ ಪಂಥ ಕಟ್ಟಿ ಕಡಲಿನಲ್ಲಿ ಈಜಿದ್ದು ಆ ಹುಡುಗ ವಯಸ್ಸಿನಲ್ಲಿ. ಊರವರು ಲೆಕ್ಕಕ್ಕೇ ಇಡದ, ತೋಳಿನಲ್ಲಿ ಮಾತ್ರ ವಿಚಿತ್ರ ಕಸುವಿರುವ ತರುಣನೊಬ್ಬ ಮೊದಲ ಲೆವೆಲ್‌ಗೆ ಹೇಳಿ ಮಾಡಿಸಿದ ಪಾತ್ರ. ಗ್ರೆಂಡೆಲ್‌ನ ಭೇಟಿಯನ್ನು ಐದನೆಯ ಲೆವೆಲ್‌ಗೆ ಇಟ್ಟುಕೊಳ್ಳಿ.

ಆಟವನ್ನೂ ಆರಿಸಬೇಕು

ವೀರನಿಗೆ ತಕ್ಕ ಆಟ ಡಂಜನ್ಸ್ ಅಂಡ್ ಡ್ರಾಗನ್ಸ್ ಒಂದೇ ಎಂದು ತಿಳಿಯಬೇಡಿ. ಲ್ಯಾನ್ಸಲಾಟ್‌ನನ್ನು ತೆಗೆದುಕೊಳ್ಳಿ. ಅವನ ಕತ್ತಿವರಸೆಗೆ ಅಂಕಿ ಕೊಡುವುದು ಸುಲಭ. ದೊರೆಯ ಮೇಲಿನ ನಿಷ್ಠೆ, ರಾಣಿ ಗ್ವಿನಿವಿಯರ್‌ಳ ಮೇಲಿನ ಪ್ರೀತಿ ಎರಡೂ ಸೇರಿ ಅವನನ್ನು ಸೀಳುವುದಕ್ಕೆ ಅಂಕಿ ಎಲ್ಲಿಂದ ತರುವುದು? 1985ರಲ್ಲಿ ಗ್ರೆಗ್ ಸ್ಟಾಫರ್ಡ್ ರೂಪಿಸಿದ ‘ಕಿಂಗ್ ಆರ್ಥರ್ ಪೆಂಡ್ರಾಗನ್’ ಆಟ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಅಲ್ಲಿ ಸ್ವಭಾವಗಳು ಹದಿಮೂರು ಜೋಡಿಗಳಾಗಿ ಬರುತ್ತವೆ. ಕರುಣೆ ಮತ್ತು ಕ್ರೌರ್ಯ ಒಂದು ಜೋಡಿಯಾದರೆ ಎರಡರ ಮೊತ್ತ ಯಾವಾಗಲೂ 20, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಪ್ರೀತಿ, ನಿಷ್ಠೆ, ದ್ವೇಷಗಳಿಗೂ ಅಂಕಿಗಳಿವೆ. ಅವುಗಳ ಮೇಲೆ ದಾಳ ಹಾಕಿ ತೀರಾ ಕೆಟ್ಟದಾಗಿ ಬಿದ್ದರೆ ವೀರ ಹುಚ್ಚನಾಗಿ ಕಾಡು ಸೇರಬಹುದು. ಲ್ಯಾನ್ಸಲಾಟ್‌ನ ಕಥೆಯೂ ಅದೇ.

ಬೇವುಲ್ಫ್‌ನ ಹೋರಾಟ ಮಾತ್ರ ಮೈಯದು, ಎದುರಾಳಿಗಳು ದೈತ್ಯರು. ಅದಕ್ಕೆ ಡಂಜನ್ಸ್ ಅಂಡ್ ಡ್ರಾಗನ್ಸ್ ಚೆನ್ನಾಗಿಯೇ ಒಗ್ಗುತ್ತದೆ. ಮುಂದಿನ ಲೆಕ್ಕಗಳೆಲ್ಲ ಐದನೆಯ ಆವೃತ್ತಿಯ 2014ರ ನಿಯಮಗಳಿಗೆ ಸೇರಿದವು.

ಕ್ಲಾಸ್: ಫೈಟರ್, ಬಾರ್ಬೇರಿಯನ್ ಬೇಡ

ಉತ್ತರದ ನಾಡಿನವನು, ದೈತ್ಯನ ತೋಳು ಕಿತ್ತವನು ಎಂದ ಕೂಡಲೇ ಎಲ್ಲರ ಕೈ ಬಾರ್ಬೇರಿಯನ್ ಪುಟಕ್ಕೆ ಹೋಗುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಬಾರ್ಬೇರಿಯನ್‌ನ ಜೀವಾಳ ರೇಜ್, ಮೈಮೇಲೆ ಬರುವ ರೋಷ. ಕಾವ್ಯದ ಬೇವುಲ್ಫ್ ಮೈಮರೆಯುವವನಲ್ಲ. ಉನ್‌ಫರ್ತ್ ಎಂಬ ಆಸ್ಥಾನಿಕ ತುಂಬಿದ ಸಭೆಯಲ್ಲಿ, ಬ್ರೆಕಾನ ಎದುರು ಸೋತವನು ನೀನೇ ಅಲ್ಲವೇ ಎಂದು ಚುಚ್ಚಿದಾಗ ಬೇವುಲ್ಫ್ ಕತ್ತಿಗೆ ಕೈ ಹಾಕುವುದಿಲ್ಲ. ನಡೆದದ್ದನ್ನು ಸಾವಧಾನವಾಗಿ ವಿವರಿಸಿ, ಸಭೆಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಾನೆ. ಗ್ರೆಂಡೆಲ್ ಬಂದ ರಾತ್ರಿಯೂ ಎಚ್ಚರವಾಗಿ ಮಲಗಿ, ದೈತ್ಯ ಹೇಗೆ ಮೇಲೆ ಬೀಳುತ್ತಾನೆಂದು ಮೊದಲು ನೋಡುತ್ತಾನೆ. ಇಂಥ ಹಿಡಿತದ ಮನುಷ್ಯನಿಗೆ ಫೈಟರ್, ಎಂದರೆ ಪಳಗಿದ ಯೋಧನ ಕ್ಲಾಸ್, ಸರಿ.

ಅಂಕಿಗಳನ್ನು 27 ಪಾಯಿಂಟ್‌ಗಳ ಪದ್ಧತಿಯಲ್ಲಿ (ಪ್ರತಿ ಗುಣವೂ 8ರಿಂದ ಆರಂಭ, ಮೇಲಿನದನ್ನು ಪಾಯಿಂಟ್ ತೆತ್ತು ಕೊಳ್ಳಬೇಕು) ಹೀಗೆ ಹಂಚಬಹುದು: ಸ್ಟ್ರೆಂತ್ (ಮೈಬಲ) 15, ಕಾನ್‌ಸ್ಟಿಟ್ಯೂಷನ್ (ತಾಳಿಕೆ) 15, ಕರಿಸ್ಮಾ (ಜನರನ್ನು ಸೆಳೆಯುವ ಗುಣ) 13, ಡೆಕ್ಸ್‌ಟೆರಿಟಿ (ಚುರುಕು) 10, ವಿಸ್ಡಮ್ (ವಿವೇಕ) 10, ಇಂಟೆಲಿಜೆನ್ಸ್ (ಬುದ್ಧಿ) 8. ಕರಿಸ್ಮಾಕ್ಕೆ ಐದು ಪಾಯಿಂಟ್ ಸುರಿಯುವುದು ದುಂದು ಎಂದು ಲೆಕ್ಕಾಚಾರದ ಆಟಗಾರರು ಹೇಳಬಹುದು. ಸಭೆಯಲ್ಲಿ ಮಾತಾಡಲು ಬಾರದ ಬೇವುಲ್ಫ್ ಬರೀ ಜಟ್ಟಿಯಾಗುತ್ತಾನೆ, ಆ ಐದು ಪಾಯಿಂಟ್‌ಗಳನ್ನು ನಾನು ಬಿಟ್ಟುಕೊಡುವುದಿಲ್ಲ. ಮಾನವ ಜನಾಂಗದ ವೇರಿಯಂಟ್ ರೂಪವನ್ನು ಆರಿಸಿದರೆ ಎರಡು ಗುಣಗಳಿಗೆ ತಲಾ ಒಂದು ಅಂಕ, ಒಂದು ಕೌಶಲ, ಒಂದು ಫೀಟ್ (ವಿಶೇಷ ಸಾಮರ್ಥ್ಯ) ಸಿಗುತ್ತವೆ. ಅಂಕಗಳನ್ನು ಸ್ಟ್ರೆಂತ್‌ಗೂ ಕಾನ್‌ಸ್ಟಿಟ್ಯೂಷನ್‌ಗೂ ಕೊಡಿ, ಎರಡೂ 16 ಆಗುತ್ತವೆ. ಕೌಶಲ ಅಥ್ಲೆಟಿಕ್ಸ್, ಶತ್ರುವನ್ನು ಹಿಡಿಯುವಾಗ ಬೇಕಾಗುವುದು ಅದೇ. ಫೀಟ್ ಆಗಿ, 2020ರ ‘ಟಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್’ ಪುಸ್ತಕದಲ್ಲಿರುವ ಸ್ಕಿಲ್ ಎಕ್ಸ್‌ಪರ್ಟ್ ತೆಗೆದುಕೊಳ್ಳಿ. ಸ್ಟ್ರೆಂತ್ 17ಕ್ಕೆ ಏರುತ್ತದೆ, ಪರ್ಸುವೇಶನ್ (ಮಾತಿನಿಂದ ಒಲಿಸುವ ಕೌಶಲ) ಸೇರುತ್ತದೆ, ಅಥ್ಲೆಟಿಕ್ಸ್‌ನಲ್ಲಿ ಪ್ರೊಫಿಷಿಯನ್ಸಿ (ಪಳಗಿದ್ದಕ್ಕೆ ಸಿಗುವ ಹೆಚ್ಚುವರಿ ಅಂಕ) ಇಮ್ಮಡಿಯಾಗುತ್ತದೆ. ಮೊದಲ ಲೆವೆಲ್‌ನಲ್ಲೇ ಅಥ್ಲೆಟಿಕ್ಸ್ +7, ಎಂದರೆ ಇಪ್ಪತ್ತು ಮುಖದ ದಾಳದಲ್ಲಿ ಬಿದ್ದದ್ದಕ್ಕೆ 7 ಸೇರುತ್ತದೆ.

ಅದೇ ಪುಸ್ತಕದ ಅನ್‌ಆರ್ಮ್ಡ್ ಫೈಟಿಂಗ್ ಎಂಬ ಶೈಲಿ ಈ ಪಾತ್ರದ ನಿಧಿ. ಕೈಯಲ್ಲಿ ಆಯುಧ, ಗುರಾಣಿ ಇಲ್ಲದಿದ್ದರೆ ಬರಿಗೈ ಏಟಿಗೆ ಎಂಟು ಮುಖದ ದಾಳ. ಜೊತೆಗೆ, ಹಿಡಿತದಲ್ಲಿರುವ ಶತ್ರುವಿಗೆ ಪ್ರತಿ ಸರದಿಯ ಆರಂಭದಲ್ಲಿ ನಾಲ್ಕು ಮುಖದ ದಾಳದಷ್ಟು ಪೆಟ್ಟು ತಾನಾಗಿಯೇ ಬೀಳುತ್ತದೆ. ಹಿಡಿದ ಕೈಯನ್ನು ಬಿಡದೆ ಹಿಂಡುವ ವೀರನಿಗೆ ಇದಕ್ಕಿಂತ ತಕ್ಕ ನಿಯಮ ನನಗೆ ಕಂಡಿಲ್ಲ. ನಾಲ್ಕನೆಯ ಲೆವೆಲ್‌ನಲ್ಲಿ ಟ್ಯಾವರ್ನ್ ಬ್ರಾಲರ್ ಫೀಟ್ ತೆಗೆದುಕೊಂಡರೆ ಸ್ಟ್ರೆಂತ್ 18 ಆಗುತ್ತದೆ.

ಒಂದು ಎಚ್ಚರಿಕೆ. ನಿಮ್ಮ ಗುಂಪು 2024ರ ಪುಸ್ತಕದಿಂದ ಆಡುತ್ತಿದ್ದರೆ ಹಿಡಿಯುವ ನಿಯಮ ಬೇರೆ. ಅಲ್ಲಿ ನೀವು ಅಥ್ಲೆಟಿಕ್ಸ್ ದಾಳ ಹಾಕುವುದಿಲ್ಲ, ಎದುರಾಳಿ ಸೇವಿಂಗ್ ಥ್ರೋ (ತಪ್ಪಿಸಿಕೊಳ್ಳುವ ದಾಳ) ಹಾಕುತ್ತಾನೆ. ಅಥ್ಲೆಟಿಕ್ಸ್‌ಗೆ ಸುರಿದ ಬಂಡವಾಳ ಹಿಡಿಯುವ ಕ್ಷಣದಲ್ಲಿ ನೆರವಿಗೆ ಬಾರದು, ಸ್ಟ್ರೆಂತ್ ಅನ್ನೇ ಬೇಗ ಏರಿಸಿಕೊಳ್ಳಬೇಕು.

ಮೂವತ್ತು ಆಳಿನ ಬಲ

ಬೇವುಲ್ಫ್‌ನ ಮುಷ್ಟಿಯಲ್ಲಿ ಮೂವತ್ತು ಜನರ ಬಲವಿತ್ತೆಂದು ಹ್ರೋಥ್‌ಗಾರ್ ಕೇಳಿರುತ್ತಾನೆ. ಇದನ್ನು ಅಂಕಿಯಾಗಿಸಲು ಹೋಗಬೇಡಿ. ಆಟದಲ್ಲಿ ಸ್ಟ್ರೆಂತ್‌ನ ಸಾಮಾನ್ಯ ಮಿತಿ 20, ಅಷ್ಟಿರುವವನು ಎತ್ತಬಲ್ಲದ್ದು 600 ಪೌಂಡ್. ಮೂವತ್ತು ಆಳಿನ ಲೆಕ್ಕ ಅಲ್ಲಿ ಕೂರುವುದಿಲ್ಲ, ಕೂರಿಸಿದರೆ ಉಳಿದ ಆಟಗಾರರಿಗೆ ಕೆಲಸ ಉಳಿಯುವುದಿಲ್ಲ.

ನಿಯಮವನ್ನು ಹಾಗೆಯೇ ಇಟ್ಟು ವರ್ಣನೆಯನ್ನು ಬದಲಿಸುವುದು ಇದಕ್ಕಿರುವ ದಾರಿ. ಹಳಬರು ಇದನ್ನು ರೀಸ್ಕಿನ್ ಎನ್ನುತ್ತಾರೆ. ಮಾನವನ ಬದಲು ಗೋಲಿಯಾತ್ ಎಂಬ ದೈತ್ಯಕಾಯದ ಜನಾಂಗದ ನಿಯಮಗಳನ್ನು ತೆಗೆದುಕೊಳ್ಳಬಹುದು. ಅಥ್ಲೆಟಿಕ್ಸ್ ಹುಟ್ಟಿನಿಂದಲೇ ಬರುತ್ತದೆ, ಹೊರೆ ಹೊರುವಾಗ ಒಂದು ಅಳತೆ ದೊಡ್ಡವನೆಂದು ಎಣಿಸಲಾಗುತ್ತದೆ. ನೋಟಕ್ಕೆ ಮಾತ್ರ ಅವನು ಗೀಟರ ಹುಡುಗ. ಆಟ ನಡೆಸುವ ಡಂಜನ್ ಮಾಸ್ಟರ್‌ಗೆ ಮೊದಲೇ ಹೇಳಿ ಒಪ್ಪಿಗೆ ಪಡೆದರೆ ಸಾಕು. ಉಳಿದ ಮೂವತ್ತರ ಲೆಕ್ಕವನ್ನು ನಿಮ್ಮ ಮಾತು ತುಂಬಬೇಕು. ದಾಳದಲ್ಲಿ 19 ಬಿದ್ದಾಗ ‘ತಾಗಿತು’ ಎಂದು ಸುಮ್ಮನಾಗದೆ, ಬೆರಳುಗಳು ಮೂಳೆಯ ತನಕ ಇಳಿದವೆಂದು ಹೇಳಿ.

ಕೊರತೆಯೂ ನಿಯಮವಾಗಲಿ

ಬೇವುಲ್ಫ್‌ಗೆ ಕತ್ತಿ ಒಲಿಯುವುದಿಲ್ಲ. ಗ್ರೆಂಡೆಲ್‌ನ ತಾಯಿಯ ಮೇಲೆ ಹ್ರುಂಟಿಂಗ್ ಎಂಬ ಹೆಸರಾಂತ ಕತ್ತಿ ನಾಟಲಿಲ್ಲ. ಡ್ರಾಗನ್‌ನ ತಲೆಗೆ ಬೀಸಿದ ನೇಗ್ಲಿಂಗ್ ಎರಡು ತುಂಡಾಯಿತು. ಅವನ ಕೈಬಲವೇ ಕಬ್ಬಿಣಕ್ಕೆ ಅತಿಯಾಗಿತ್ತೆಂದು ಕವಿ ಹೇಳುತ್ತಾನೆ. ಇದನ್ನು ಗುಂಪಿನ ಒಪ್ಪಿಗೆಯಿಂದ ಮನೆನಿಯಮ ಮಾಡಿಕೊಳ್ಳಿ: ಮಾಯೆಯಿಲ್ಲದ ಕತ್ತಿ ಹಿಡಿದಾಗ ದಾಳದಲ್ಲಿ 20 ಬಿದ್ದರೆ ಏಟಿಗೆ ಇನ್ನೊಂದು ದಾಳ ಹೆಚ್ಚುವರಿ, ಆದರೆ ಕತ್ತಿ ಅಲ್ಲೇ ಮುರಿಯುತ್ತದೆ. ಲಾಭವೂ ನಷ್ಟವೂ ಒಂದೇ ಗಳಿಗೆಯಲ್ಲಿ ಬರುವುದರಿಂದ ಯಾರಿಗೂ ಅನ್ಯಾಯವಾಗದು. ಒಳ್ಳೆಯ ಕತ್ತಿಯೊಂದು ಸಿಕ್ಕಿದಾಗಲೆಲ್ಲ ಅದನ್ನು ಎಲ್ಲಿ ಖರ್ಚು ಮಾಡಬೇಕೆಂಬ ಯೋಚನೆಯೂ ಹುಟ್ಟುತ್ತದೆ.

ಋಣ, ಪಂಥ, ದೋಷ

ಶೀಟ್‌ನಲ್ಲಿ ಪಾತ್ರದ ನಂಟನ್ನು ಬರೆಯುವ ಬಾಂಡ್ ಎಂಬ ಜಾಗವನ್ನು ಬಹಳ ಮಂದಿ ‘ನನ್ನ ಊರನ್ನು ಕಾಪಾಡುತ್ತೇನೆ’ ಎಂದು ಬರೆದು ಮುಗಿಸುತ್ತಾರೆ. ಕಥೆಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಸಿಗುತ್ತದೆ. ಬೇವುಲ್ಫ್‌ನ ತಂದೆ ಒಬ್ಬನನ್ನು ಕೊಂದು ಕುಲವೈರ ತಂದುಕೊಂಡಾಗ ಪರಿಹಾರದ ಸಂಪತ್ತು ತೆತ್ತು ವೈರವನ್ನು ಮುಗಿಸಿದವನು ಹ್ರೋಥ್‌ಗಾರ್. ಮಗ ಕಡಲು ದಾಟಿ ಬಂದದ್ದಕ್ಕೆ ಇದೂ ಒಂದು ಹಿನ್ನೆಲೆ. ‘ನನ್ನ ತಂದೆಯ ವೈರದ ಬೆಲೆಯನ್ನು ಈ ದೊರೆ ತೆತ್ತಿದ್ದಾನೆ, ಆ ಋಣ ನನ್ನ ಮೇಲಿದೆ’ ಎಂದು ಬರೆದರೆ ಡಂಜನ್ ಮಾಸ್ಟರ್‌ಗೆ ಕಥೆ ಹೆಣೆಯಲು ಹಿಡಿಯೊಂದು ಸಿಕ್ಕಂತೆ.

ಸಭೆಯಲ್ಲಿ ಪಂಥ ಕಟ್ಟುವುದು ಆ ಲೋಕದಲ್ಲಿ ಬಡಾಯಿಯಲ್ಲ, ಎಲ್ಲರ ಎದುರು ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುವ ಮಾತು. ಇನ್‌ಸ್ಪಿರೇಶನ್ ಎಂಬ ನಿಯಮವನ್ನು ಇದಕ್ಕೆ ಜೋಡಿಸಿ. ಹೋರಾಟಕ್ಕೆ ಮುಂಚೆ ನಿಮ್ಮ ಪಾತ್ರ ಸಾಕ್ಷಿಗಳ ಎದುರು ತಾನು ಏನನ್ನು ಬಿಟ್ಟು ಹೋರಾಡುವೆನೆಂದು ಸಾರಿದರೆ ಡಂಜನ್ ಮಾಸ್ಟರ್ ಇನ್‌ಸ್ಪಿರೇಶನ್ ಕೊಡಲಿ. ಒಂದು ದಾಳವನ್ನು ಎರಡು ಸಲ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವ ಹಕ್ಕು ಅದು. ಮಾತು ತಪ್ಪಿದರೆ ಮುಂದಿನ ಊರಿನ ತನಕ ಮತ್ತೆ ಸಿಗಬಾರದು.

ದೋಷದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ‘ಯಾರ ನೆರವನ್ನೂ ಒಪ್ಪುವುದಿಲ್ಲ’ ಎಂದು ಬರೆದರೆ ಮೂಲಕ್ಕೆ ನಿಷ್ಠವಾಗುತ್ತದೆ, ಮೇಜಿನ ಸುತ್ತ ಕುಳಿತ ಮೂರು ನಾಲ್ಕು ಗೆಳೆಯರ ಸಂಜೆ ಹಾಳಾಗುತ್ತದೆ. ಕಾವ್ಯಕ್ಕೆ ಒಬ್ಬನೇ ನಾಯಕ, ಆಟಕ್ಕೆ ಕುಳಿತವರೆಲ್ಲರೂ ನಾಯಕರು. ಆದ್ದರಿಂದ ದೋಷವನ್ನು ಹೀಗೆ ತಿರುಗಿಸಿ: ‘ಅಪಾಯದ ಮೊದಲ ಏಟು ನನ್ನ ಮೇಲೆಯೇ ಬೀಳಬೇಕೆಂದು ಹಟ ಹಿಡಿಯುತ್ತೇನೆ.’ ಸ್ವಭಾವ ಅದೇ ಉಳಿಯಿತು, ಎರಡನೆಯ ಏಟಿನಿಂದ ಮುಂದಕ್ಕೆ ಎಲ್ಲರಿಗೂ ಜಾಗವಾಯಿತು. ಡ್ರಾಗನ್‌ನ ಎದುರು ಉಳಿದವರು ಕಾಡಿಗೆ ಓಡಿದಾಗ ಬೇವುಲ್ಫ್‌ನ ಪಕ್ಕಕ್ಕೆ ಬಂದು ನಿಂತ ವಿಗ್ಲಾಫ್ ಎಂಬ ತರುಣನ ಪಾತ್ರವನ್ನು ಗುಂಪಿನಲ್ಲಿ ಒಬ್ಬರು ವಹಿಸಿಕೊಂಡರೆ ಇನ್ನೂ ಚೆನ್ನ.

ಒಂದು ರಾತ್ರಿಯ ಪರೀಕ್ಷೆ

ಪಾತ್ರ ಸಿದ್ಧವಾಯಿತೆಂದು ನಂಬುವ ಮೊದಲು ಗ್ರೆಂಡೆಲ್‌ನ ಎದುರು ಒಮ್ಮೆ ಆಡಿನೋಡಿ. ಡಂಜನ್ ಮಾಸ್ಟರ್ ಆಟದ ಟ್ರೋಲ್ ಎಂಬ ದೈತ್ಯನ ಅಂಕಿಗಳನ್ನು ತೆಗೆದುಕೊಳ್ಳಬಹುದು: ದೊಡ್ಡ ಗಾತ್ರ, ಆರ್ಮರ್ ಕ್ಲಾಸ್ 15, ಹಿಟ್ ಪಾಯಿಂಟ್ 84, ಸ್ಟ್ರೆಂತ್‌ನಿಂದ ಬರುವ ಹೆಚ್ಚಳ +4. ಗಾಯ ತಾನೇ ಮಾಯುವ ಟ್ರೋಲ್‌ನ ಗುಣವನ್ನು ತೆಗೆದು, ಕತ್ತಿ ಈಟಿಗಳು ನಾಟದ ಗ್ರೆಂಡೆಲ್‌ನ ಗುಣವನ್ನು ಸೇರಿಸಿ. ಇಲ್ಲಿ ಪದ ನೋಡಿ ಬಳಸಬೇಕು. ‘ಮಾಯೆಯಿಲ್ಲದ ದಾಳಿಗಳು ತಾಗವು’ ಎಂದು ಬರೆದರೆ ಬರಿಗೈ ಏಟೂ ಅದರಲ್ಲಿ ಸೇರಿ ಇಡೀ ಕಥೆಯೇ ಕೆಡುತ್ತದೆ. ‘ಆಯುಧಗಳಿಂದ ಬೀಳುವ ಏಟು ಅರ್ಧ’ ಎಂದಿರಲಿ. ಪೂರ್ತಿ ತಾಗದಂತೆ ಮಾಡಿದರೆ ಜೊತೆಯವರು ಪ್ರೇಕ್ಷಕರಾಗುತ್ತಾರೆ.

ಐದನೆಯ ಲೆವೆಲ್‌ನಲ್ಲಿ ಬೇವುಲ್ಫ್‌ಗೆ ಒಂದು ಸರದಿಯಲ್ಲಿ ಎರಡು ದಾಳಿ, ಅಥ್ಲೆಟಿಕ್ಸ್ +10. ಮೊದಲ ದಾಳಿಯ ಬದಲು ಹಿಡಿಯಿರಿ, ಎರಡನೆಯದರ ಬದಲು ನೆಲಕ್ಕೆ ಕೆಡವಿ. ಹಿಡಿತದಲ್ಲಿರುವವನ ವೇಗ ಸೊನ್ನೆ, ವೇಗವಿಲ್ಲದವನು ಏಳಲಾರ. ಬಿದ್ದಲ್ಲಿಂದ ಅವನು ಬೀಸುವ ಏಟುಗಳಿಗೆಲ್ಲ ಡಿಸ್‌ಅಡ್ವಾಂಟೇಜ್ (ದಾಳ ಎರಡು ಸಲ ಹಾಕಿ ಚಿಕ್ಕದನ್ನು ಇಟ್ಟುಕೊಳ್ಳುವುದು), ಹತ್ತಿರ ನಿಂತು ಹೊಡೆಯುವ ನಿಮ್ಮವರಿಗೆಲ್ಲ ಅಡ್ವಾಂಟೇಜ್ (ದೊಡ್ಡದನ್ನು ಇಟ್ಟುಕೊಳ್ಳುವುದು). ಮುಂದಿನ ಸರದಿಯಿಂದ ಹಿಂಡುವ ಪೆಟ್ಟು, ಎರಡು ಗುದ್ದು.

ಕವಚ ಕಳಚಿದ್ದರ ಬೆಲೆಯೂ ಇಲ್ಲೇ ತಿಳಿಯುತ್ತದೆ. ಚೈನ್ ಮೇಲ್ ತೊಟ್ಟಾಗ 16 ಇದ್ದ ಆರ್ಮರ್ ಕ್ಲಾಸ್ 10ಕ್ಕೆ ಇಳಿದಿರುತ್ತದೆ. ಟ್ರೋಲ್‌ನ ದಾಳಿಗೆ +7 ಇರುವುದರಿಂದ ದಾಳದಲ್ಲಿ 3 ಬಿದ್ದರೂ ತಾಗುತ್ತದೆ. ಐದನೆಯ ಲೆವೆಲ್‌ನಲ್ಲಿ ಸರಾಸರಿ ಲೆಕ್ಕಕ್ಕೆ ನಿಮ್ಮ ಹಿಟ್ ಪಾಯಿಂಟ್ 49. ಒಂದು ಕಚ್ಚು, ಎರಡು ಪರಚು ಎಲ್ಲ ತಾಗಿದರೆ ಎರಡೇ ಸುತ್ತಿನಲ್ಲಿ ಮುಗಿಯಿತು. ಬಾರ್ಬೇರಿಯನ್ ಪರವಾಗಿ ವಾದಿಸುವವರ ಮಾತಿಗೆ ಈ ಒಂದು ಕಡೆ ತೂಕವಿದೆ, ಕವಚವಿಲ್ಲದೆಯೂ ಅವನು ಬದುಕುತ್ತಾನೆ. ಆದರೆ ಪರಿಹಾರ ಕಥೆಯಲ್ಲೇ ಇದೆ. ಬೇವುಲ್ಫ್ ಹಿಡಿದದ್ದು ಗ್ರೆಂಡೆಲ್‌ನ ತೋಳನ್ನು. ಹಾಗಾದರೆ ಹಿಡಿತ ಇರುವ ತನಕ ಆ ತೋಳಿನ ಪರಚು ಇರಬಾರದು, ಒಂದು ದಾಳಿಯನ್ನು ತೆಗೆದುಹಾಕಿ. 84ರಲ್ಲಿ ಅರ್ಧ, ಎಂದರೆ 42 ಪಾಯಿಂಟ್ ಕಳೆದ ಗಳಿಗೆಯಲ್ಲಿ ತೋಳು ಕಿತ್ತು ಕೈಗೆ ಬರಲಿ, ದೈತ್ಯ ಕತ್ತಲೆಗೆ ಓಡಲಿ. ಗೆಳೆಯರು ಅಷ್ಟರಲ್ಲಿ ಬಾಗಿಲು ಕಾಯುತ್ತಾರೆ, ನಿದ್ದೆಯಲ್ಲಿರುವವರನ್ನು ಎಳೆದು ಪಕ್ಕಕ್ಕೆ ಹಾಕುತ್ತಾರೆ, ಬಿದ್ದವನ ಮೇಲೆ ಅಡ್ವಾಂಟೇಜ್‌ನಿಂದ ಹೊಡೆಯುತ್ತಾರೆ. ಲೆಕ್ಕ ಬಿಗಿಯಾಗಿಯೇ ಇರುತ್ತದೆ, ಆದರೂ ಗೆಲ್ಲಲು ಆಗುತ್ತದೆ.

ಈ ಪರೀಕ್ಷೆಯಲ್ಲಿ ಪಾತ್ರ ಸೋತರೆ ಅಂಕಿ ತಿದ್ದಿ. ಗೆದ್ದೂ ಬೇವುಲ್ಫ್‌ನಂತೆ ಅನಿಸದಿದ್ದರೆ ನಿರಾಕರಣೆಗಳ ಪಟ್ಟಿಗೆ ಮರಳಿ. ಹೆಸರನ್ನು ಬದಲಿಸಿಕೊಳ್ಳುವುದು ಒಳ್ಳೆಯದು. ಮೂಲದ ಹೆಸರಿಟ್ಟರೆ ಪ್ರತಿ ಹೆಜ್ಜೆಗೂ ಯಾರಾದರೂ ‘ಅವನು ಹಾಗೆ ಮಾಡಲಿಲ್ಲ’ ಎನ್ನುತ್ತಾರೆ.

ಇದೇ ದಾರಿಯಲ್ಲಿ ಭೀಮ

ಕನ್ನಡದ ಓದುಗರಿಗೆ ಬೇವುಲ್ಫ್‌ನ ಕಥೆ ಕೇಳುವಾಗಲೇ ಏಕಚಕ್ರದ ಬಕಾಸುರ ನೆನಪಾಗಿರಬೇಕು. ಗದುಗಿನ ಭಾರತವನ್ನು ಕೇಳಿ ಬೆಳೆದವರು ಭೀಮನನ್ನು ಆಡಲು ಬಯಸುವುದು ಸಹಜ. ಬೇವುಲ್ಫ್‌ನ ಶೀಟ್‌ಗೆ ಭೀಮನ ಹೆಸರು ಅಂಟಿಸಿದರೆ ಆಗದು. ಇಬ್ಬರೂ ಬರಿಗೈಯಲ್ಲಿ ದೈತ್ಯರನ್ನು ಮುಗಿಸಿದವರಾದರೂ ಭೀಮ ಮರ ಕಿತ್ತು ಬೀಸುತ್ತಾನೆ. ಕೈಗೆ ಸಿಕ್ಕಿದ್ದನ್ನೆಲ್ಲ ಆಯುಧವಾಗಿಸುವ ಟ್ಯಾವರ್ನ್ ಬ್ರಾಲರ್ ಅವನಿಗೆ ಮೊದಲ ಲೆವೆಲ್‌ನಿಂದಲೇ ಬೇಕು. ತುಂಬಿದ ಸಭೆಯಲ್ಲಿ ದುಶ್ಶಾಸನನ ರಕ್ತ ಕುಡಿಯುವೆನೆಂದು ಆಣೆಯಿಟ್ಟವನಿಗೆ ರೇಜ್ ಹೊಂದುತ್ತದೆ, ಬಾರ್ಬೇರಿಯನ್ ಪುಟವನ್ನು ಈಗ ಧೈರ್ಯವಾಗಿ ತೆರೆಯಿರಿ. ನಿರಾಕರಣೆ ಎಲ್ಲಿದೆ? ಆಣೆಯಿಟ್ಟ ಅದೇ ಸಭೆಯಲ್ಲಿ ಗದೆಯನ್ನು ಎತ್ತದೆ ನಿಂತದ್ದರಲ್ಲಿ. ಅಣ್ಣನ ಅಪ್ಪಣೆ ಇರಲಿಲ್ಲ. ಗುಂಪಿನಲ್ಲಿ ಧರ್ಮರಾಯನ ಪಾತ್ರ ವಹಿಸುವವರೊಬ್ಬರನ್ನು ಗೊತ್ತುಮಾಡಿಕೊಂಡು ನಿಯಮ ಬರೆಯಿರಿ: ಅಣ್ಣ ಎದುರಿಗಿರುವಾಗ ಅವನು ಹೂಂ ಎಂದರೆ ಮಾತ್ರ ಭೀಮನ ರೇಜ್ ಆರಂಭವಾಗುತ್ತದೆ.